ಗಣಕಯಂತ್ರಕ್ಕೂ ಒಂದು ಹೆಸರು

ಹೆಸರಿನ ಮಹಿಮೆ ಏನೆಂಬುದನ್ನು ಗಡಿನಾಡಿನವರಾದ ನಿಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಮ್ಮ ಊರುಗಳಿಗೆ ಎರಡೆರಡು ಹೆಸರು. ನಾವು ಸೊಲ್ಲಾಪುರ ಎಂದರೆ ಮರಾಠಿಯವರು ಸೋಲಾಪುರ ಎನ್ನುತ್ತಾರೆ. ನಮ್ಮ ಹೊಸೂರು ತಮಿಳಿನಲ್ಲಿ ಓಸೂರು. ನಮ್ಮ ಆದವಾನಿ ತೆಲುಗಿನಲ್ಲಿ ಆದೋನಿ. ನಮ್ಮ ರಾಯದುರ್ಗದ ಕೊನೆಗೆ ಅಲ್ಲಿ ಒಂದು ಸೊನ್ನೆ ಸೇರಿಕೊಳ್ಳುತ್ತದೆ. ಊರಿನ ಮಾತು ಹಾಗಿರಲಿ, ನಮ್ಮ ಮಾತೇ ನೋಡಿ. ಮನೆಯಲ್ಲಿ ಕರೆಯುವ ಹೆಸರು ಒಂದು, ಪಡಿತರ ಚೀಟಿಯಲ್ಲಿ ಬರೆದ ಹೆಸರು ಇನ್ನೊಂದು. ಎರಡರ ನಡುವೆ ಒಂದಕ್ಷರ ಹೆಚ್ಚುಕಮ್ಮಿಯಾದರೂ ಸಾಕು, ತಾಲೂಕು ಕಚೇರಿಯ ಮೆಟ್ಟಿಲು ಎಷ್ಟು ಸಲ ಹತ್ತಬೇಕೆಂಬುದು ನಿಮಗೆಲ್ಲ ಗೊತ್ತಿದ್ದದ್ದೇ.

ಇಂದು ನಾವು ಇನ್ನೊಂದು ಬಗೆಯ ಹೆಸರಿನ ವಿಷಯವಾಗಿ ಮಾತನಾಡೋಣ. ನಿಮ್ಮ ಮಕ್ಕಳ ಶಾಲೆಯಲ್ಲಿ, ಪಂಚಾಯತಿ ಕಚೇರಿಯಲ್ಲಿ, ಸಹಕಾರಿ ಸಂಘದಲ್ಲಿ ಮೇಜಿನ ಮೇಲೆ ಕುಳಿತಿರುವ ಗಣಕಯಂತ್ರ ಇದೆಯಲ್ಲ, ಅದಕ್ಕೂ ಒಂದು ಹೆಸರಿದೆ. ತಯಾರಿಸಿದ ಕಂಪನಿಯ ಹೆಸರಲ್ಲ, ಅದರದೇ ಆದ ಸ್ವಂತ ಹೆಸರು. ಜಾಲದಲ್ಲಿರುವ ಬೇರೆ ಯಂತ್ರಗಳು ಅದನ್ನು ಗುರುತಿಸುವುದು ಆ ಹೆಸರಿನಿಂದ. ಆ ಹೆಸರನ್ನು ನೋಡುವುದು ಹೇಗೆ, ಬದಲಾಯಿಸುವುದು ಹೇಗೆ ಎಂಬುದು ಎರಡು ನಿಮಿಷದ ಕೆಲಸ. ಆದರೆ ಆ ಎರಡು ನಿಮಿಷದ ಹಿಂದೆ ಐವತ್ತು ವರ್ಷಗಳಿಗೂ ಮಿಕ್ಕಿದ ಚರಿತ್ರೆ ಇದೆ. ಹೆಸರಿಡುವ ಅಧಿಕಾರ ಯಾರದು, ಹೆಸರಿನ ಪಟ್ಟಿ ಯಾರ ಕೈಯಲ್ಲಿ, ಯಾವ ಲಿಪಿಗೆ ಅದರಲ್ಲಿ ಜಾಗ ಎಂಬ ಪ್ರಶ್ನೆಗಳು ಆ ಚರಿತ್ರೆಯುದ್ದಕ್ಕೂ ಬರುತ್ತವೆ. ಅವು ನಮಗೆ ಹೊಸ ಪ್ರಶ್ನೆಗಳೇನೂ ಅಲ್ಲ.

ಮೊದಲು ಯಂತ್ರಕ್ಕೆ ಹೆಸರು ಯಾಕೆ ಬೇಕು ಎಂಬುದನ್ನು ನೋಡೋಣ. ಕಂದಾಯ ಇಲಾಖೆಗೆ ನಿಮ್ಮ ಹೊಲದ ಸರ್ವೆ ನಂಬರು ಸಾಕು. ಆದರೆ ಬೆಳಿಗ್ಗೆ ಎತ್ತು ಹೊಡೆದುಕೊಂಡು ಹೊರಟ ನೀವು ಮಗನಿಗೆ ಸರ್ವೆ ನಂಬರು ಹೇಳುತ್ತೀರಾ? ಇಲ್ಲ. 'ಬಾವಿ ಹೊಲಕ್ಕೆ ಬುತ್ತಿ ತಗೊಂಡು ಬಾ' ಎನ್ನುತ್ತೀರಿ. ಗಣಕಯಂತ್ರಗಳ ಲೋಕದಲ್ಲೂ ಹೀಗೆಯೇ. ಯಂತ್ರ ಯಂತ್ರವನ್ನು ಹುಡುಕುವುದು ಸಂಖ್ಯೆಯಿಂದ. ಮನುಷ್ಯ ಯಂತ್ರವನ್ನು ನೆನಪಿಡುವುದು ಹೆಸರಿನಿಂದ. ಈ ಎರಡನ್ನೂ ಜೋಡಿಸಿಡುವ ಒಂದು ಪಟ್ಟಿ ಎಲ್ಲಾದರೂ ಇರಲೇಬೇಕು. ನಮ್ಮ ಕಥೆ ಆ ಪಟ್ಟಿಯ ಕಥೆ.

1969ರಲ್ಲಿ ಅಮೆರಿಕಾದ ರಕ್ಷಣಾ ಇಲಾಖೆಯ ಹಣದಿಂದ 'ಅರ್ಪಾನೆಟ್' ಎಂಬ ಜಾಲ ಹುಟ್ಟಿತು. ಇಂದಿನ ಇಂಟರ್‌ನೆಟ್ಟಿನ ಅಜ್ಜ ಅದು. ಆ ವರ್ಷದ ಕೊನೆಗೆ ಅದರಲ್ಲಿ ಇದ್ದದ್ದು ನಾಲ್ಕೇ ನೆಲೆಗಳು. ಒಂದನೆಯ ನಂಬರು ಲಾಸ್ ಏಂಜಲೀಸ್‌ನ ವಿಶ್ವವಿದ್ಯಾಲಯ, ಎರಡು ಮೆನ್ಲೋ ಪಾರ್ಕಿನ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆ, ಮೂರು ಸಾಂತಾ ಬಾರ್ಬರಾ ವಿಶ್ವವಿದ್ಯಾಲಯ, ನಾಲ್ಕು ಯೂಟಾ ವಿಶ್ವವಿದ್ಯಾಲಯ. ನಾಲ್ಕು ಮನೆಯ ಕೇರಿಗೆ ಪಟ್ಟಿ ಯಾಕೆ? ಎಲ್ಲರಿಗೂ ಎಲ್ಲರ ನಂಬರೂ ಬಾಯಿಪಾಠ.

ಮನೆಗಳು ಹೆಚ್ಚಾದಂತೆ ತೊಂದರೆ ಶುರುವಾಯಿತು. ಪ್ರತಿಯೊಂದು ಸಂಸ್ಥೆಯವರೂ ತಮ್ಮ ತಮ್ಮ ಅನುಕೂಲಕ್ಕೆ ತಕ್ಕಂತೆ ಉಳಿದವರಿಗೆ ಹೆಸರಿಟ್ಟುಕೊಂಡಿದ್ದರು. ಒಂದೇ ಯಂತ್ರವನ್ನು ಇಲ್ಲಿಯವರು ಒಂದು ಹೆಸರಿನಿಂದ, ಅಲ್ಲಿಯವರು ಇನ್ನೊಂದು ಹೆಸರಿನಿಂದ ಕರೆಯುತ್ತಿದ್ದರು. 1971ರ ಸೆಪ್ಟೆಂಬರಿನಲ್ಲಿ ಮೈಟರ್ ಎಂಬ ಸಂಸ್ಥೆಯ ಪೆಗ್ಗಿ ಕಾರ್ಪ್ ಎಂಬವರು ಒಂದು ಚಿಕ್ಕ ಟಿಪ್ಪಣಿ ಬರೆದು, ಎಲ್ಲರೂ ಒಪ್ಪುವ ಒಂದೇ ಹೆಸರು ಇರಲಿ ಎಂದು ಸೂಚಿಸಿ ಪಟ್ಟಿಯೊಂದನ್ನು ಮುಂದಿಟ್ಟರು. ಜಾಲದ ಕೆಲಸಗಾರರು ಪರಸ್ಪರ ಅಭಿಪ್ರಾಯ ಕೇಳುವುದಕ್ಕೆಂದು ಬರೆದುಕೊಳ್ಳುತ್ತಿದ್ದ ಟಿಪ್ಪಣಿಗಳ ಸರಣಿಯಲ್ಲಿ ಅದು 226ನೆಯದು. 1973ರ ಡಿಸೆಂಬರಿನಲ್ಲಿ ಪೀಟರ್ ಡಾಯ್ಚ್ ಎಂಬವರು 606ನೆಯ ಟಿಪ್ಪಣಿ ಬರೆದು, ಒಬ್ಬೊಬ್ಬರೂ ತಮ್ಮದೇ ಪಟ್ಟಿ ಇಟ್ಟುಕೊಂಡು ತಿದ್ದುತ್ತಾ ಕೂರುವುದು ಸಾಕು, ಯಂತ್ರವೇ ಓದಬಲ್ಲ ಒಂದು ಅಧಿಕೃತ ಪಟ್ಟಿ ಒಂದೇ ಕಡೆ ಇರಲಿ ಎಂದರು. ಮರುತಿಂಗಳೇ, ಅಂದರೆ 1974ರ ಜನವರಿಯಲ್ಲಿ, ಮೆನ್ಲೋ ಪಾರ್ಕಿನ ಜಾಲ ಮಾಹಿತಿ ಕೇಂದ್ರ ಆ ಹೊಣೆಯನ್ನು ಒಪ್ಪಿಕೊಂಡಿತು. ಆ ಕಡತದ ಹೆಸರು 'ಹೋಸ್ಟ್ಸ್ ಡಾಟ್ ಟಿಎಕ್ಸ್‌ಟಿ'. 'ಹೋಸ್ಟ್' ಎಂದರೆ ಆತಿಥೇಯ. ಜಾಲಕ್ಕೆ ಜೋಡಿಸಿದ ಗಣಕಯಂತ್ರಕ್ಕೆ ಅವರು ಇಟ್ಟ ಪದ.

ಆ ಕೇಂದ್ರವನ್ನು ನಡೆಸುತ್ತಿದ್ದವರು ಒಬ್ಬ ಹೆಣ್ಣುಮಗಳು, ಎಲಿಜಬೆತ್ ಫೈನ್ಲರ್. 1931ರಲ್ಲಿ ವೆಸ್ಟ್ ವರ್ಜೀನಿಯಾದಲ್ಲಿ ಹುಟ್ಟಿದವರು, ಓದಿದ್ದು ರಸಾಯನಶಾಸ್ತ್ರ. 1972ರಲ್ಲಿ ಡಗ್ಲಸ್ ಎಂಗಲ್‌ಬಾರ್ಟ್ ಅವರ ಪ್ರಯೋಗಾಲಯಕ್ಕೆ ಬಂದು ಸೇರಿದರು. ಈಗ ನಾವೆಲ್ಲ ಬಳಸುವ 'ಮೌಸ್' ಕಂಡುಹಿಡಿದವರು ಅದೇ ಎಂಗಲ್‌ಬಾರ್ಟ್. 1989ರ ವರೆಗೆ ಜಾಲದ ಹೆಸರುಗಳ ಲೆಕ್ಕವೆಲ್ಲ ಫೈನ್ಲರ್ ಅವರ ತಂಡದ ಕೈಯಲ್ಲಿತ್ತು. ಇದರಲ್ಲಿ ಒಂದು ಸ್ವಾರಸ್ಯವಿದೆ ನೋಡಿ. ಊರಿಗೆಲ್ಲ ಹೆಸರು ಬರೆದಿಟ್ಟ ಈಕೆಯನ್ನು ಎಲಿಜಬೆತ್ ಎಂದು ಕರೆದವರೇ ಕಡಿಮೆ. ಎಲ್ಲರಿಗೂ ಆಕೆ 'ಜೇಕ್'. ಮನೆಯಲ್ಲಿ 'ಬೆಟ್ಟಿ ಜೋ' ಎಂದು ಕರೆಯಬೇಕೆಂದಿದ್ದರಂತೆ. ಎರಡು ವರ್ಷದ ಅಕ್ಕನ ನಾಲಿಗೆ ಹೊರಳದೆ ಅದು 'ಬೇಬಿ ಜೇಕ್' ಆಯಿತು. ದೊಡ್ಡವರಾದ ಮೇಲೆ 'ಬೇಬಿ' ಉದುರಿಹೋಗಿ 'ಜೇಕ್' ಉಳಿಯಿತು. ಮನೆಯ ಹೆಸರು ಬೇರೆ, ಕಾಗದದ ಹೆಸರು ಬೇರೆ ಆಗುವುದು ನಮ್ಮಲ್ಲಿ ಮಾತ್ರ ಅಲ್ಲ ಎಂದಾಯಿತು.

ಹೊಸ ಯಂತ್ರ ತಂದವರು ಮೆನ್ಲೋ ಪಾರ್ಕಿಗೆ ಬರೆಯಬೇಕು. ಅಲ್ಲಿಯವರು, ಆ ಹೆಸರು ಮೊದಲೇ ಯಾರಿಗಾದರೂ ಹೋಗಿದೆಯೇ ಎಂದು ನೋಡಿ, ಪಟ್ಟಿಗೆ ಸೇರಿಸಬೇಕು. ವಾರಕ್ಕೆ ಒಂದೆರಡು ಸಲ ತಿದ್ದಿದ ಹೊಸ ಪಟ್ಟಿ ಹೊರಬರುತ್ತಿತ್ತು. ಜಾಲದಲ್ಲಿದ್ದ ಎಲ್ಲರೂ ಅದರ ಪ್ರತಿಯನ್ನು ಇಳಿಸಿಕೊಂಡು ತಮ್ಮ ಯಂತ್ರದಲ್ಲಿ ಇಟ್ಟುಕೊಳ್ಳಬೇಕು.

ಹೆಸರಿಗೆ ಕಟ್ಟುಪಾಡುಗಳೂ ಇದ್ದವು. ಇಂಗ್ಲಿಷಿನ 26 ಅಕ್ಷರಗಳು, ಸೊನ್ನೆಯಿಂದ ಒಂಬತ್ತರ ವರೆಗಿನ ಅಂಕೆಗಳು, ನಡುವೆ ಒಂದು ಅಡ್ಡಗೀಟು, ಇಷ್ಟೇ ಸಲ್ಲುತ್ತಿದ್ದವು. ದೊಡ್ಡಕ್ಷರ ಸಣ್ಣಕ್ಷರ ಎಂಬ ಭೇದವಿಲ್ಲ. ನಡುವೆ ಖಾಲಿ ಜಾಗ ಬಿಡುವಂತಿಲ್ಲ. 1985ರ ಅಕ್ಟೋಬರಿನಲ್ಲಿ ಫೈನ್ಲರ್ ಅವರೂ ಇಬ್ಬರು ಸಹೋದ್ಯೋಗಿಗಳೂ ಸೇರಿ ಬರೆದ 952ನೆಯ ಟಿಪ್ಪಣಿಯಲ್ಲಿ ಈ ನಿಯಮಗಳು ಅಚ್ಚುಕಟ್ಟಾಗಿ ದಾಖಲಾದವು: ಹೆಸರು 24 ಅಕ್ಷರ ಮೀರಬಾರದು, ಮೊದಲನೆಯದು ಅಕ್ಷರವೇ ಆಗಿರಬೇಕು, ಕೊನೆಯಲ್ಲಿ ಅಡ್ಡಗೀಟು ಇರಬಾರದು. ಮುಂದೆ 1989ರಲ್ಲಿ ಇದನ್ನು ಸ್ವಲ್ಪ ಸಡಿಲಿಸಿ, ಅಂಕೆಯಿಂದಲೂ ಆರಂಭಿಸಬಹುದು ಎಂದರು. ಅಕ್ಷರಗಳ ವಿಷಯದಲ್ಲಿ ಮಾತ್ರ ಸಡಿಲಿಕೆ ಇರಲಿಲ್ಲ. ಆ ಪಟ್ಟಿ ಮಾಡಿದವರು ನಮ್ಮನ್ನು ಹೊರಗಿಡಬೇಕೆಂದು ಮಾಡಿದ್ದಲ್ಲ. ನಾವು ಅವರ ಕಣ್ಣಮುಂದೆ ಇರಲೇ ಇಲ್ಲ. ಆದರೆ ಪಟ್ಟಿ ಬರೆಯುವಾಗ ಕಣ್ಣಮುಂದೆ ಇಲ್ಲದವರು ಆಮೇಲೆ ಒಳಗೆ ಬರಲು ಎಷ್ಟು ಕಾಲ ಕಾಯಬೇಕಾಗುತ್ತದೆ ಎಂಬುದನ್ನು ಮುಂದೆ ನೋಡುವಿರಿ.

1983ರ ಜನವರಿ 1ರಂದು ಅರ್ಪಾನೆಟ್ ತನ್ನ ಹಳೆಯ ಸಂಪರ್ಕ ಕ್ರಮವನ್ನು ಬಿಟ್ಟು, ಇಂದಿಗೂ ಇಂಟರ್‌ನೆಟ್ಟಿಗೆ ಆಧಾರವಾಗಿರುವ ಹೊಸ ಕ್ರಮಕ್ಕೆ ಬದಲಾಯಿತು. ಜಾಲಕ್ಕೆ ಸೇರುವ ಯಂತ್ರಗಳು ಹೆಚ್ಚುತ್ತಲೇ ಹೋದವು. ಒಂದೇ ಪಟ್ಟಿಯ ಭಾರಕ್ಕೆ ಮೆನ್ಲೋ ಪಾರ್ಕ್ ಬಾಗತೊಡಗಿತು. ಎಲ್ಲೋ ಒಬ್ಬರು ಬೇರೆಯವರ ಯಂತ್ರದ ಹೆಸರನ್ನೇ ತಮ್ಮದಕ್ಕೂ ಇಟ್ಟುಬಿಟ್ಟರೆ ಅವರ ಅಂಚೆ ಇವರಿಗೆ ಬರುವಂತಾಗುತ್ತಿತ್ತು. ಪಟ್ಟಿ ಒಂದು ತುದಿಗೆ ತಲುಪುವಷ್ಟರಲ್ಲಿ ಇನ್ನೊಂದು ತುದಿಯಲ್ಲಿ ಯಾರೋ ವಿಳಾಸ ಬದಲಾಯಿಸಿರುತ್ತಿದ್ದರು.

ಪರಿಹಾರ ಹುಡುಕುವ ಕೆಲಸ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಮಾಹಿತಿ ವಿಜ್ಞಾನ ಸಂಸ್ಥೆಯಲ್ಲಿದ್ದ ಪಾಲ್ ಮೊಕಪೆಟ್ರಿಸ್ ಅವರಿಗೆ ಬಂತು. ಅವರಿಗೆ ಅದನ್ನು ವಹಿಸಿದವರು ಜಾನ್ ಪೋಸ್ಟೆಲ್. ಆಗಲೇ ಕೆಲವರು ಬರೆದಿದ್ದ ಸಲಹೆಗಳನ್ನು ಓದಿ, ನಡುವಿನ ಒಂದು ದಾರಿ ಹೇಳು ಎಂದಿದ್ದರು ಪೋಸ್ಟೆಲ್. ಮೊಕಪೆಟ್ರಿಸ್ ಅವೆಲ್ಲವನ್ನೂ ಬದಿಗಿಟ್ಟು ತಮ್ಮದೇ ಒಂದು ವ್ಯವಸ್ಥೆಯನ್ನು ಕಟ್ಟಿದರು. 1983ರ ಜೂನಿನಲ್ಲಿ ಅದರ ಮೊದಲ ಪರೀಕ್ಷೆ ನಡೆಯಿತು. ನವೆಂಬರಿನಲ್ಲಿ 882 ಮತ್ತು 883ನೆಯ ಟಿಪ್ಪಣಿಗಳಾಗಿ ಪ್ರಕಟವಾಯಿತು. ಅದೇ ಡೊಮೇನ್ ನೇಮ್ ಸಿಸ್ಟಮ್, ಚುಟುಕಾಗಿ ಡಿಎನ್‌ಎಸ್.

ಅದರ ತಿರುಳು ನಮಗೆ ತಿಳಿಯದ್ದೇನಲ್ಲ. ಇಡೀ ದೇಶದ ಮನೆಗಳ ಪಟ್ಟಿಯನ್ನು ದೆಹಲಿಯಲ್ಲಿ ಇಡುವ ಬದಲು, ಗ್ರಾಮದ ಪಟ್ಟಿ ಗ್ರಾಮದಲ್ಲಿ, ತಾಲೂಕಿನ ಪಟ್ಟಿ ತಾಲೂಕಿನಲ್ಲಿ ಇಟ್ಟ ಹಾಗೆ. ಮೇಲಿನವನಿಗೆ ಕೆಳಗಿನ ಪಟ್ಟಿ ಯಾರಲ್ಲಿದೆ ಎಂಬುದಷ್ಟೇ ಗೊತ್ತಿದ್ದರೆ ಸಾಕು. ನಿಮ್ಮ ಆವರಣದೊಳಗೆ ಯಾವ ಯಂತ್ರಕ್ಕೆ ಏನು ಹೆಸರು ಎಂಬುದು ನಿಮ್ಮ ಇಷ್ಟ. ಅದಕ್ಕಾಗಿ ಮೆನ್ಲೋ ಪಾರ್ಕಿಗೆ ಅರ್ಜಿ ಹಾಕಬೇಕಾಗಿಲ್ಲ. ಒಂದೇ ಯಂತ್ರಕ್ಕೆ ಎರಡನೆಯ ಹೆಸರು ಇಡುವುದಕ್ಕೂ ಅದರಲ್ಲಿ ಅವಕಾಶವಿದೆ. ವಿದ್ಯಾಸಂಸ್ಥೆಗೆ 'ಇಡಿಯು', ವ್ಯಾಪಾರಕ್ಕೆ 'ಕಾಮ್', ಸರಕಾರಕ್ಕೆ 'ಗವ್' ಎಂಬಂಥ ಮೇಲುಹಂತದ ವಿಂಗಡಣೆ ರೂಪುಗೊಳ್ಳುವಲ್ಲಿ ಫೈನ್ಲರ್ ಅವರ ತಂಡದ ಪಾಲೂ ಇತ್ತು. 1985ರ ಮಾರ್ಚ್ 15ರಂದು ಸಿಂಬಾಲಿಕ್ಸ್ ಎಂಬ ಕಂಪನಿ 'ಡಾಟ್ ಕಾಮ್' ಹೆಸರುಗಳಲ್ಲಿ ಮೊದಲನೆಯದನ್ನು ನೋಂದಾಯಿಸಿತು. ಭಾರತದ ಪಾಲಿನ 'ಡಾಟ್ ಇನ್' ಎಂಬುದು 1989ರಲ್ಲಿ ಬಂತು.

ಇದು ಊರಿನ ಹೊರಗಿನ ಮಾತಾಯಿತು. ಇನ್ನು ಮನೆಯೊಳಗೆ ಬರೋಣ. ಯಂತ್ರಕ್ಕೆ ತನ್ನ ಹೆಸರು ತನಗೆ ಗೊತ್ತಿರಬೇಕಲ್ಲ? 1979ರಲ್ಲಿ ಬಂದ ಏಳನೆಯ ಆವೃತ್ತಿಯ ಯುನಿಕ್ಸ್ ವ್ಯವಸ್ಥೆಯಲ್ಲಿ ಯಂತ್ರದ ಹೆಸರನ್ನು 'ಹೂ ಆಮ್ ಐ', ಅಂದರೆ 'ನಾನು ಯಾರು' ಎಂಬ ಹೆಸರಿನ ಒಂದು ಕಡತದಲ್ಲಿ ಬರೆದಿಡುತ್ತಿದ್ದರು. ಹೆಸರು ಬದಲಾಗಬೇಕಾದರೆ ಆ ಕಡತವನ್ನು ತಿದ್ದಿ, ಅದನ್ನು ಬಳಸುವ ಪ್ರೋಗ್ರಾಮುಗಳನ್ನು ಮತ್ತೆ ಹೊಸದಾಗಿ ಸಿದ್ಧಪಡಿಸಬೇಕಾಗಿತ್ತು. ಹೆಸರು ಬದಲಾಯಿಸಲು ಮನೆಯ ಗೋಡೆ ಒಡೆದು ಕಟ್ಟಿದಂತೆ! 1983ರಲ್ಲಿ ಬರ್ಕ್‌ಲಿಯಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವರು ಹೊರತಂದ ಯುನಿಕ್ಸ್ ಆವೃತ್ತಿಯಲ್ಲಿ 'ಹೋಸ್ಟ್‌ನೇಮ್' ಎಂಬ ಆಜ್ಞೆ ಬಂತು. ಅದಾದ ಮೇಲೆ ಈ ಕೆಲಸ ಒಂದು ಸಾಲಿನದಾಯಿತು.

ಆ ಆಜ್ಞೆ ಇಂದಿಗೂ ಹಾಗೆಯೇ ಇದೆ. ನೀವೇ ಪರೀಕ್ಷಿಸಬಹುದು. ಕೇರಳದ ಗಡಿಯೊಳಗಿರುವವರಿಗೆ ಇದು ಇನ್ನೂ ಹತ್ತಿರದ ವಿಷಯ. ಅಲ್ಲಿಯ ಸರಕಾರಿ ಶಾಲೆಗಳ ಗಣಕಯಂತ್ರಗಳಲ್ಲಿ ನಡೆಯುವುದು ಯುನಿಕ್ಸ್ ಮಾದರಿಯ ಸ್ವತಂತ್ರ ತಂತ್ರಾಂಶವಾದ ಗ್ನೂ ಲಿನಕ್ಸ್. 'ಐಟಿ ಅಟ್ ಸ್ಕೂಲ್' ಯೋಜನೆಯಾಗಿ ಆರಂಭವಾಗಿ, 2017ರಲ್ಲಿ 'ಕೈಟ್' ಎಂಬ ಸರಕಾರಿ ಕಂಪನಿಯಾದ ಸಂಸ್ಥೆ ಅದನ್ನು ಶಾಲೆಗಳಿಗೆ ಒದಗಿಸುತ್ತಿದೆ. ಅಂಥ ಯಂತ್ರದಲ್ಲಿ 'ಟರ್ಮಿನಲ್' ಎಂಬ ಕಿಟಕಿಯನ್ನು ತೆರೆಯಿರಿ. ಎಚ್, ಒ, ಎಸ್, ಟಿ, ಎನ್, ಎ, ಎಂ, ಇ ಎಂದು ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ, ನಡುವೆ ಜಾಗ ಬಿಡದೆ ಬೆರಳಚ್ಚಿಸಿ, 'ಎಂಟರ್' ಗುಂಡಿ ಒತ್ತಿ. ಮರುಸಾಲಿನಲ್ಲಿ ಯಂತ್ರ ತನ್ನ ಹೆಸರು ಹೇಳುತ್ತದೆ. ವಿಂಡೋಸ್ ಇರುವ ಯಂತ್ರದಲ್ಲಿ 'ಕಮಾಂಡ್ ಪ್ರಾಂಪ್ಟ್' ತೆರೆದು ಇದೇ ಪದ ಒತ್ತಿದರೂ ಅದೇ ಉತ್ತರ ಬರುತ್ತದೆ.

ನೋಡಿದ್ದಾಯಿತು. ಬದಲಾಯಿಸುವುದು? ಲಿನಕ್ಸಿನಲ್ಲಿ ಅದೇ ಆಜ್ಞೆಯ ಮುಂದೆ ಹೊಸ ಹೆಸರು ಬರೆದು, ಮೇಲ್ವಿಚಾರಕರ ಅಧಿಕಾರದೊಂದಿಗೆ ಕೊಟ್ಟರೆ ಹೆಸರು ಆ ಕ್ಷಣವೇ ಬದಲಾಗುತ್ತದೆ. ಆದರೆ ಇದು ಸುಣ್ಣದಲ್ಲಿ ಬರೆದ ಹೆಸರು. ಯಂತ್ರವನ್ನು ಆರಿಸಿ ಮತ್ತೆ ಹಚ್ಚಿದರೆ ಹಳೆಯದೇ ಮರಳಿ ಬರುತ್ತದೆ. ಕಾಯಂ ಹೆಸರು ಇರುವುದು 'ಇಟಿಸಿ' ಎಂಬ ಕೋಶದೊಳಗಿನ 'ಹೋಸ್ಟ್‌ನೇಮ್' ಎಂಬ ಕಡತದಲ್ಲಿ. ಈಚಿನ ಲಿನಕ್ಸುಗಳಲ್ಲಿ 'ಹೋಸ್ಟ್‌ನೇಮ್‌ಸಿಟಿಎಲ್' ಎಂಬ ಆಜ್ಞೆಗೆ 'ಸೆಟ್-ಹೋಸ್ಟ್‌ನೇಮ್' ಎಂದು ಸೇರಿಸಿ, ಮುಂದೆ ಹೊಸ ಹೆಸರು ಬರೆದರೆ ಎರಡು ಕೆಲಸವೂ ಒಟ್ಟಿಗೆ ಆಗುತ್ತದೆ. ವಿಂಡೋಸಿನಲ್ಲಿ 'ಪವರ್‌ಶೆಲ್' ಎಂಬುದನ್ನು ಮೇಲ್ವಿಚಾರಕರಾಗಿ ತೆರೆದು, 'ರಿನೇಮ್-ಕಂಪ್ಯೂಟರ್' ಎಂದು ಬರೆದು, ಹೊಸ ಹೆಸರು ಕೊಟ್ಟು, ಯಂತ್ರವನ್ನು ಒಮ್ಮೆ ಆರಿಸಿ ಹಚ್ಚಬೇಕು. ವಿಂಡೋಸಿನಲ್ಲಿ ಹೆಸರನ್ನು 15 ಅಕ್ಷರಗಳೊಳಗೆ ಇಡುವುದು ಒಳ್ಳೆಯದು. ಅದಕ್ಕೂ ಒಂದು ಇತಿಹಾಸವಿದೆ. 1983ರಲ್ಲಿ ಐಬಿಎಂ ಕಂಪನಿಗಾಗಿ ಸೈಟೆಕ್ ಎಂಬವರು ಮಾಡಿಕೊಟ್ಟ 'ನೆಟ್‌ಬಯೋಸ್' ಎಂಬ ಕ್ರಮದಲ್ಲಿ ಹೆಸರಿಗೆ 16 ಮನೆಗಳಿದ್ದವು. ಕೊನೆಯ ಮನೆಯನ್ನು ಯಂತ್ರ ಯಾವ ಸೇವೆ ಕೊಡುತ್ತದೆಂದು ಗುರುತಿಸಲು ಬಳಸಿದರು, ಉಳಿದದ್ದು 15.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಲಿನಕ್ಸಿನ ಅದೇ 'ಇಟಿಸಿ' ಕೋಶದಲ್ಲಿ 'ಹೋಸ್ಟ್ಸ್' ಎಂಬ ಇನ್ನೊಂದು ಕಡತವಿದೆ. ಹೆಸರು ಬದಲಾಯಿಸಿದವರು ಅದರಲ್ಲೂ ಹಳೆಯ ಹೆಸರಿದ್ದರೆ ತಿದ್ದಬೇಕು. ಇಲ್ಲವಾದರೆ ಈ ಹೆಸರಿನವರು ಯಾರೆಂದು ತನಗೆ ತಿಳಿಯದು ಎಂದು ಯಂತ್ರ ತನ್ನ ಬಗ್ಗೆಯೇ ದೂರುವುದುಂಟು. ಆ ಕಡತ ಯಾವುದು ಎಂದು ಬಲ್ಲಿರಾ? ಫೈನ್ಲರ್ ಅವರ ತಂಡ ವಾರವಾರ ತಿದ್ದುತ್ತಿದ್ದ ಆ ಪಟ್ಟಿಯ ಸಂತಾನ ಅದು. ವಿಂಡೋಸಿನ ಒಳಗೂ ಅದೇ ಹೆಸರಿನ ಕಡತ ಇದೆ. ಮೆನ್ಲೋ ಪಾರ್ಕಿನ ಪಟ್ಟಿ ಹೋಗಿ ದಶಕಗಳಾದವು. ಅದರ ಒಂದೊಂದು ಚೂರು ಮಾತ್ರ ಪ್ರತಿಯೊಂದು ಯಂತ್ರದ ಹೊಟ್ಟೆಯಲ್ಲೂ ಉಳಿದಿದೆ.

ಇಷ್ಟೆಲ್ಲ ತಿಳಿದು ಏನು ಪ್ರಯೋಜನ ಎಂದು ನೀವು ಕೇಳಬಹುದು. ಒಂದು ಉದಾಹರಣೆ ಹೇಳುತ್ತೇನೆ. ಶಾಲೆಗೋ ಕಚೇರಿಗೋ ಹತ್ತು ಯಂತ್ರ ಬಂದವೆನ್ನಿ. ಒಂದೊಂದನ್ನೂ ಬೇರೆಬೇರೆ ಸಿದ್ಧಪಡಿಸುವ ಬದಲು, ಒಂದನ್ನು ಸಿದ್ಧಪಡಿಸಿ ಅದರ ಪಡಿಯಚ್ಚನ್ನು ಉಳಿದವಕ್ಕೆ ಇಳಿಸುವ ವಾಡಿಕೆ ಇದೆ. ಆಗ ಹತ್ತಕ್ಕೂ ಒಂದೇ ಹೆಸರು. ಒಂದು ತರಗತಿಯಲ್ಲಿ ಹತ್ತು ಮಂದಿ ರಾಮಣ್ಣರಿದ್ದು ಮೇಷ್ಟ್ರು ಹಾಜರಿ ಕೂಗಿದಂತೆ. ಒಂದು ಯಂತ್ರದಿಂದ ಇನ್ನೊಂದಕ್ಕೆ ಕಡತ ಕಳಿಸಲು ಹೋದರೆ ಯಾವುದಕ್ಕೆ ತಲುಪೀತೋ ಹೇಳಲಾಗದು. ಈ ಹೆಸರಿನವರು ಜಾಲದಲ್ಲಿ ಇನ್ನೊಬ್ಬರಿದ್ದಾರೆ ಎಂದು ವಿಂಡೋಸ್ ಎಚ್ಚರಿಸುವುದೂ ಉಂಟು. ಯಂತ್ರ ಕೆಟ್ಟಿದೆ ಎಂದು ಪೇಟೆಯಿಂದ ಮೆಕ್ಯಾನಿಕ್ಕನ್ನು ಕರೆಸಿ ಹಣ ತೆರುವ ಮೊದಲು ಆ ಒಂದು ಪದವನ್ನು ಒತ್ತಿ ನೋಡುವುದು ಮೇಲು.

ಹೆಸರು ಯಾವುದಿಡಬೇಕು ಎಂಬುದಕ್ಕೂ ಹಿರಿಯರ ಮಾತಿದೆ. 1990ರ ಆಗಸ್ಟಿನಲ್ಲಿ ಡಾನ್ ಲೀಬ್ಸ್ ಎಂಬವರು ಇದಕ್ಕೆಂದೇ 1178ನೆಯ ಟಿಪ್ಪಣಿ ಬರೆದರು. ನಿಮ್ಮ ಸ್ವಂತ ಹೆಸರನ್ನು ಯಂತ್ರಕ್ಕೆ ಇಡಬೇಡಿ, ಉದ್ದದ ಹೆಸರು ಬೇಡ, ಮಾತಿನಲ್ಲಿ ಗೊಂದಲವಾಗುವ ಪದ ಬೇಡ ಎನ್ನುತ್ತಾರೆ ಅವರು. ಒಂದು ಕಡೆ ಯಂತ್ರಕ್ಕೆ 'ಅಪ್' ಎಂದು ಹೆಸರಿಟ್ಟಿದ್ದರಂತೆ. ಅದು ನಿಂತುಹೋದಾಗ, 'ಅಪ್ ಡೌನ್ ಆಗಿದೆಯೇ?' ಎಂದು ಕೇಳುವ ಪರಿಸ್ಥಿತಿ! ಬಣ್ಣಗಳು, ಪುರಾಣದ ಹೆಸರುಗಳು, ಹೀಗೆ ಒಂದು ಗುಂಪಿನಿಂದ ಆರಿಸಿ ಎಂಬುದು ಅವರ ಸಲಹೆ. ನಮಗೆ ಅದಕ್ಕೇನು ಬರ? ಶಾಲೆಯ ಹತ್ತು ಯಂತ್ರಗಳಿಗೆ ಹತ್ತು ನದಿಗಳ ಹೆಸರಿಡಿ. ಚಂದ್ರಗಿರಿ, ಭೀಮಾ, ಕಬಿನಿ, ಮೋಯಾರ್ ಎಂದು ಮಕ್ಕಳಿಗೆ ಭೂಗೋಳವೂ ಬಂದಂತಾಗುತ್ತದೆ.

ಹೆಸರಿಡಿ ಎಂದೆ. ಆದರೆ ಯಾವ ಅಕ್ಷರದಲ್ಲಿ? ಇದು ನಾನು ಮುಂದಕ್ಕೆ ಹೇಳುತ್ತೇನೆಂದು ಬಿಟ್ಟಿದ್ದ ಮಾತು.

ಕನ್ನಡ ಅಕ್ಷರಗಳಿಗೆ ಜಗತ್ತಿನ ಗಣಕಯಂತ್ರಗಳೆಲ್ಲ ಒಪ್ಪುವ ಸಂಖ್ಯೆಗಳು ಸಿಕ್ಕಿದ್ದು 1991ರಲ್ಲಿ, ಯುನಿಕೋಡ್‌ನ ಮೊದಲ ಆವೃತ್ತಿಯಲ್ಲಿ. ಆದರೂ ಜಾಲದ ಹೆಸರುಗಳ ಪಟ್ಟಿಗೆ ನಮ್ಮ ಅಕ್ಷರಗಳು ಬರುವಂತಿರಲಿಲ್ಲ. 2003ರಲ್ಲಿ ಒಂದು ದಾರಿ ತೆರೆಯಿತು. ಮಂದಿ ಕನ್ನಡದಲ್ಲಿ ಬರೆದ ಹೆಸರನ್ನು ಯಂತ್ರ ಒಳಗೊಳಗೇ ಇಂಗ್ಲಿಷ್ ಅಕ್ಷರ ಮತ್ತು ಅಂಕೆಗಳ ಒಂದು ಸಾಲಾಗಿ ಮಾರ್ಪಡಿಸಿ ಕಳಿಸುವ 'ಪ್ಯೂನಿಕೋಡ್' ಎಂಬ ಕ್ರಮ ಅದು. 2014ರಲ್ಲಿ ದೇವನಾಗರಿ ಲಿಪಿಯ 'ಭಾರತ' ಎಂಬ ಮೇಲುಹಂತದ ಹೆಸರು ಬಳಕೆಗೆ ಬಂತು. ಮುಂದೆ ಕನ್ನಡ ಲಿಪಿಯ 'ಭಾರತ'ವೂ ಜಗತ್ತಿನ ಮೂಲಪಟ್ಟಿಗೆ ಸೇರಿತು. ಮೊದಲ ಪಟ್ಟಿಯಿಂದ ಲೆಕ್ಕ ಹಿಡಿದರೆ ನಾವು ಕಾದದ್ದು ನಲವತ್ತು ವರ್ಷಗಳಿಗೂ ಹೆಚ್ಚು. ಅದೂ ವೇಷ ಹಾಕಿಕೊಂಡು ಪ್ರವೇಶ; ತೆರೆಯ ಹಿಂದೆ ಪಾತ್ರಧಾರಿ ಇನ್ನೂ ಇಂಗ್ಲಿಷಿನವನೇ.

ಮನೆಯೊಳಗಿನ ಯಂತ್ರದ ಮಾತು ಹೀಗಿದೆ. ಲಿನಕ್ಸಿನಲ್ಲಿ ಜಾಲಕ್ಕೆ ಕಾಣುವ ಹೆಸರು ಇಂದಿಗೂ ಆ ಹಳೆಯ ಕಟ್ಟುಪಾಡಿನದೇ. ಅಕ್ಷರ, ಅಂಕೆ, ಅಡ್ಡಗೀಟು. ಆದರೆ 'ಹೋಸ್ಟ್‌ನೇಮ್‌ಸಿಟಿಎಲ್' ಬಂದ ಮೇಲೆ ಯಂತ್ರಕ್ಕೆ ಒಂದಲ್ಲ, ಮೂರು ಹೆಸರು. ಒಂದು ಕಾಯಂ ಹೆಸರು. ಒಂದು, ಜಾಲ ತಾತ್ಕಾಲಿಕವಾಗಿ ಕೊಡುವ ಹೆಸರು. ಮೂರನೆಯದಕ್ಕೆ ಅವರು 'ಪ್ರೆಟಿ' ಎಂದಿದ್ದಾರೆ, ಅಂದರೆ ಅಂದದ ಹೆಸರು. ಇದು ಮನುಷ್ಯರ ಕಣ್ಣಿಗೆ ಮಾತ್ರ. ಇದರಲ್ಲಿ ಖಾಲಿ ಜಾಗ ಬಿಡಬಹುದು, ಯಾವ ಲಿಪಿಯಲ್ಲಾದರೂ ಬರೆಯಬಹುದು. 'ಹೋಸ್ಟ್‌ನೇಮ್‌ಸಿಟಿಎಲ್', 'ಸೆಟ್-ಹೋಸ್ಟ್‌ನೇಮ್' ಎಂದು ಬರೆದು, ಉದ್ಧರಣ ಚಿಹ್ನೆಯೊಳಗೆ ಕನ್ನಡದಲ್ಲಿ 'ನಮ್ಮ ಶಾಲೆಯ ಚಂದ್ರಗಿರಿ' ಎಂದು ಹಾಕಿ, ಕೊನೆಗೆ ಎರಡು ಅಡ್ಡಗೀಟಿನೊಂದಿಗೆ 'ಪ್ರೆಟಿ' ಎಂದು ಸೇರಿಸಿ ಎಂಟರ್ ಒತ್ತಿ ನೋಡಿ. ಆಮೇಲೆ ಬರಿಯ 'ಹೋಸ್ಟ್‌ನೇಮ್‌ಸಿಟಿಎಲ್' ಎಂದು ಕೇಳಿದರೆ ಯಂತ್ರ ತನ್ನ ಎರಡು ಹೆಸರನ್ನೂ ಒಂದರ ಕೆಳಗೊಂದು ತೋರಿಸುತ್ತದೆ. ಇಂಗ್ಲಿಷ್ ಅಕ್ಷರದ್ದು ಕಚೇರಿಗೆ, ಕನ್ನಡದ್ದು ಮನೆಗೆ.

ಇದು ಪೂರ್ತಿ ನ್ಯಾಯವೇ? ಅಲ್ಲ. ಜಾಲದಲ್ಲಿ ಲೆಕ್ಕಕ್ಕೆ ಬರುವುದು ಕಚೇರಿಯ ಹೆಸರೇ. ಆದರೆ ಮನೆಯ ಹೆಸರನ್ನು ಬರೆದಿಡಲು ಒಂದು ಸಾಲು ಜಾಗ ಸಿಕ್ಕಿದೆ, ಅದನ್ನು ಖಾಲಿ ಬಿಡುವುದು ನಮ್ಮದೇ ತಪ್ಪಾಗುತ್ತದೆ. ಖಾಲಿ ಬಿಟ್ಟ ಅಂಕಣವನ್ನು ಇನ್ನೊಬ್ಬರು ತಮಗೆ ತೋಚಿದಂತೆ ತುಂಬುತ್ತಾರೆ ಎಂಬ ಅನುಭವ ನಮಗಿದೆ.

ಮುಂದಿನ ಸಲ ಶಾಲೆಯ ಕಡೆಗೆ ಹೋದಾಗ ಮಕ್ಕಳನ್ನು ಕೇಳಿ ನೋಡಿ, ನಿಮ್ಮ ಯಂತ್ರದ ಹೆಸರೇನು ಎಂದು. ಗೊತ್ತಿಲ್ಲವೆಂದರೆ ಆ ಎಂಟು ಅಕ್ಷರಗಳನ್ನು ಹೇಳಿಕೊಡಿ. ಹೆಸರು ಇಟ್ಟ ಮೇಲೆ ಒಂದು ಚೀಟಿಯಲ್ಲಿ ಬರೆದು ಯಂತ್ರದ ನೆತ್ತಿಗೆ ಅಂಟಿಸುವುದನ್ನು ಮರೆಯಬೇಡಿ. ಪಟ್ಟಿ ಎಲ್ಲೇ ಇರಲಿ, ಒಂದು ಪ್ರತಿ ನಮ್ಮ ಕೈಯಲ್ಲೂ ಇರಬೇಕು.